ಎರಡು ಪಟ್ಟಿಯ ಅಡಿಡಾಸ್

"ನಾ ಇದನ್ನ ಹಾಕ್ಕೊಳ್ಳಂಗಿಲ್ಲ, ಅಬ್ಬಾ."

ನಜಮಾ ನೀಲಿ ಪ್ಯಾಂಟನ್ನು ಹೊಲಿಗೆ ಮಷಿನ್ ಮೇಲೆ ಎಸೆದಳು. ಅವಳ ಅಪ್ಪ, ಟೇಲರ್ ಇಸ್ಮಾಯಿಲ್‌ಸಾಬ್ ಪೆಡಲ್ ತುಳಿಯುವುದನ್ನು ನಿಲ್ಲಿಸಿದರು.

ನಾಳೆ ಲಿಂಗಸುಗೂರಿನಲ್ಲಿ ತಾಲ್ಲೂಕು ಕ್ರೀಡಾಕೂಟ. ಮಸ್ಕಿ ಶಾಲೆಯಿಂದ ಓಡುವವಳು ನಜಮಾ. ಆದರೆ ದಾದಿ, ಅಬ್ಬಾನ ತಾಯಿ, ಖಡಾಖಂಡಿತ ಹೇಳಿಬಿಟ್ಟಿದ್ದಳು, ಕಾಲು ಪೂರ್ತಿ ಮುಚ್ಚಬೇಕು ಅಂತ. "ಅಡಿಡಾಸ್ ಪೈನ್‌ಕೋ ದೌಡ್." ಅಡಿಡಾಸ್ ಹಾಕ್ಕೊಂಡೇ ಓಡು ಅಂತ. ಪಕ್ಕಕ್ಕೆ ಪಟ್ಟಿ ಇರುವ ಉದ್ದ ಪ್ಯಾಂಟಿಗೆ ಊರವರೆಲ್ಲ ಅನ್ನುವುದೇ ಅಡಿಡಾಸ್. ಪ್ಯಾಂಟಿಲ್ಲ ಅಂದರೆ ಓಟವೂ ಇಲ್ಲ.

"ಯಾಕ ಬೇಟಾ, ಏನಾತು?"

"ಇದು ಅಡಿಡಾಸ್ ಅಲ್ಲಂತ. ರಾಯಚೂರಿಂದ ಹೊಸ ಹುಡುಗಿ ಬಂದಾಳಲ್ಲ, ಅಕಿ ಹೇಳಿದ್ಲು. ಅದು ಫಾರಿನ್ ಕಂಪನಿ ಹೆಸರಂತ, ಮೂರು ಪಟ್ಟಿ ಇರ್ತಾವಂತ. ನಿಮ್ಮಪ್ಪ ಡೂಪ್ಲಿಕೇಟ್ ಮಾಡ್ತಾನ ಅಂದ್ಲು, ಎಲ್ಲಾರ ಮುಂದ."

ಇಸ್ಮಾಯಿಲ್‌ಸಾಬರ ಮುಖ ಸಣ್ಣದಾಯಿತು. "ಕಂಪನಿ ಹೆಸರಂತ ನನಗೂ ಗೊತ್ತಿದ್ದಿಲ್ಲವ್ವ. ಗಿರಾಕಿಗಳು ಹಂಗ ಕೇಳ್ತಾರ, ನಾ ಹೊಲೀತೀನಿ. ಯೂನಿಫಾರಂ ಅಂಗಿ ಹೊಲದು ಉಳಿದ ಬಿಳಿ ಅರಿವಿ ಎರಡು ಪಟ್ಟಿಗೇ ಸಾಲ್ತದ. ಪ್ಯಾಂಟಿನ ಮ್ಯಾಲ ಆ ಹೆಸರಂತೂ ನಾ ಎಲ್ಲೂ ಬರದಿಲ್ಲ. ಬ್ಯಾರೆ ಹೆಸರು ಇಡೂಣು, ನೀನೇ ಹೇಳು."

"ಓಟದ ಪ್ಯಾಂಟ್," ಎಂದಳು ನಜಮಾ.

ಅಷ್ಟರಲ್ಲಿ ಸಿಂಧನೂರು ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ರೈತರೊಬ್ಬರು ಮಗಳ ಕೈಹಿಡಿದು ಬಂದರು. ಅವರದು ತೆಲುಗು; ಮಗಳಿಗೆ ಅಡಿಡಾಸ್ ಬೇಕಿತ್ತು. "ಮಾ ಪಾಪಕಿ ಅಡಿಡಾಸ್ ಕಾವಾಲಂಡಿ."

"ಓಟದ ಪ್ಯಾಂಟ್ ಅನ್ರಿ, ಅಂಕಲ್," ಎಂದು ನಜಮಾ ತಿದ್ದಿದಳು.

ಇವೇ ಇರಬೇಕೆಂದು ಅವರು ತೂಗುಹಾಕಿದ್ದ ಪಟ್ಟಿಯಿಲ್ಲದ ಟೆರಿಕಾಟ್ ಪ್ಯಾಂಟುಗಳನ್ನು ನೋಡಿದರು. "ಅದಿ ಕಾದಂಡಿ." ಅದಲ್ಲ ಎಂದು ತಲೆಯಾಡಿಸಿ ಹೊರಡಲು ತಿರುಗಿಯೇಬಿಟ್ಟರು.

ಹುಡುಗಿಯ ಕಣ್ಣು ಮಾತ್ರ ಮಷಿನ್ ಮೇಲಿನ ಪ್ಯಾಂಟಿನ ಮೇಲಿತ್ತು. ಓಡಿಬಂದು ಎತ್ತಿಕೊಂಡು ತನ್ನ ಸೊಂಟಕ್ಕೆ ಹಿಡಿದು ನೋಡಿದಳು. ಬಿಳಿ ಪಟ್ಟಿಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು. "ಅಡಿಡಾಸ್," ಎಂದು ಅಪ್ಪನಿಗೆ ತೋರಿಸಿದಳು. ಇದನ್ನೇ ಕೊಡಿ ಎಂದು ಅವರು ಕೈಸನ್ನೆ ಮಾಡಿದರು.

ಇಸ್ಮಾಯಿಲ್‌ಸಾಬ್ ಮಗಳ ಕಡೆ ನೋಡಿದರು. "ನಿನಗ ಬ್ಯಾಡಲ್ಲ, ಕೊಟ್ಟುಬಿಡ್ಲೇನು?"

ನಜಮಾ ಆ ಹುಡುಗಿಯ ಮುಖ ನೋಡಿದಳು, ಅಬ್ಬಾನ ಮುಖ ನೋಡಿದಳು. ಮೆಲ್ಲಗೆ ಪ್ಯಾಂಟನ್ನು ಬಿಡಿಸಿಕೊಂಡು ಎದೆಗೊತ್ತಿಕೊಂಡಳು.

"ಇದು ನಂದು. ನಾಳೆ ಓಡಾಕ ಬೇಕು. ನಿನಗ ನಮ್ಮ ಅಬ್ಬಾ ಬ್ಯಾರೆ ಅಡಿಡಾಸ್ ಹೊಲದು ಕೊಡ್ತಾನ. ಪಟ್ಟಿ ಎರಡೇ ಇರ್ತಾವ ನೋಡು, ನಮ್ಮ ಅಬ್ಬಾನ ಅಡಿಡಾಸ್ ಹಿಂಗೇ."

ಹುಡುಗಿಗೆ ಅಷ್ಟು ಕನ್ನಡ ತಿಳಿಯಿತೋ ಇಲ್ಲವೋ. ಅಡಿಡಾಸ್ ಎಂಬ ಒಂದು ಮಾತು ಮಾತ್ರ ತಿಳಿಯಿತು. ನಗುತ್ತಾ ಅಳತೆಗೆ ನೆಟ್ಟಗೆ ನಿಂತಳು.