ಹಿಂದೆ ಬರುವವರಿಗೆ ದಾರಿ ಬಿಡಿ

"ಆ ಗೇಟಿನ ಹತ್ರ ಮಾತ್ರ ಮರ್ಯಾದೆ ಗಿರ್ಯಾದೆ ಏನೂ ಬೇಡ ಕಣಪ್ಪಾ. ನೀನು ತೆಗಿ, ನೀನು ದಾಟು, ಕೈ ಬಿಟ್ಬಿಡು. ಹಿಂದಿನವರು ಅವರ ಪಾಡಿಗೆ ಅವರು ತೆಕ್ಕೊಂಡು ಬರ್ತಾರೆ," ಎಂದಳು ಎಡ್ನಾ ಗಾರ್ತ್.

ನಮ್ಮ ಹೋಲ್ಟ್‌ಬೀ ಊರಿನ ಅಂಚೆ ಕಚೇರಿ ನಡೆಸುವ ಮುದುಕಿ ಎಡ್ನಾ. ಅವಳ ಮುಂದೆ ನಿಂತಿದ್ದವನು ಡೆಸ್ಮಂಡ್ ಪ್ರೈಯರ್, ಲೀಡ್ಸ್‌ನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತನಾಗಿ ಆ ಬೇಸಿಗೆಯಲ್ಲಷ್ಟೇ ನಮ್ಮೂರಿಗೆ ಬಂದವನು. ಅವನ ಕೈಯಲ್ಲಿ ಆಗತಾನೆ ಅಚ್ಚಾಗಿ ಬಂದ ಕರಪತ್ರಗಳ ಕಟ್ಟು: 'ಹೋಲ್ಟ್‌ಬೀ ಸುತ್ತಮುತ್ತ ಸುಲಭ ನಡಿಗೆಗಳು.' ಅದರಲ್ಲಿ ಮೂರನೆಯ ನಡಿಗೆ ಅದೇ ಗೇಟಿನ, ನಮ್ಮೂರವರು ಹೇಳುವ ವಿಧವೆಯ ಗೇಟಿನ, ಮೂಲಕ ಹೋಗುತ್ತದೆ. ಒಂದೂವರೆ ಮೈಲಿ, ಏರಿಲ್ಲ, ಇಳಿಜಾರಿಲ್ಲ.

"ಹಿಂದಿನವರ ಮುಖಕ್ಕೆ ಗೇಟು ಬಡಿಯೋದಾ?" ಡೆಸ್ಮಂಡ್ ನಕ್ಕ.

"ಬಡಿ. ನಮ್ಮ ಪಾದ್ರಿ ಒಂದ್ಸಲ ಬಿಷಪ್ಪನ ಮೂಗಿಗೇ ಬಡಿದಿದ್ದ. ಬಿಷಪ್ಪ ತುಟಿಪಿಟಕ್ಕೆನ್ನಲಿಲ್ಲ. ಅವನೂ ಈ ಕಡೆಯವನೇ ಅಲ್ವಾ, ಗೊತ್ತಿತ್ತು."

ಕತೆ ನಮಗೆಲ್ಲ ತೊಟ್ಟಿಲಲ್ಲೇ ಗೊತ್ತು. ಮುನ್ನೂರು ವರ್ಷದ ಹಿಂದೆ ಮರ್ಸಿ ಥ್ವೇಟ್ ಎಂಬವಳ ಗಂಡನ ಹೆಣವನ್ನು ಆ ದಾರಿಯಲ್ಲೇ ಚರ್ಚಿಗೆ ಹೊತ್ತೊಯ್ದರು. ಹೆಣ ದಾಟಿತು, ಹೊತ್ತವರು ದಾಟಿದರು. ಹಿಂದೆ ಬರುತ್ತಿದ್ದ ಹೆಂಡತಿಯ ಮುಖಕ್ಕೆ ಜಮೀನ್ದಾರನ ಆಳು ಗೇಟು ಬಡಿದು ಕೀಲಿ ಹಾಕಿದ. ಅವಳಿಲ್ಲದೆಯೇ ಮಣ್ಣು ಮಾಡಿ ಮುಗಿಸಿದರು. ಮರ್ಸಿ ಕುರಿಯ ಗುಂಡಿಗೆಗೆ ಒಂದು ಹಿಡಿ ಗುಂಡುಸೂಜಿ ಚುಚ್ಚಿ, ಆ ಗೇಟಿನ ಕಂಬದ ಬುಡದಲ್ಲಿ ಹೂತು, ಮಾಟ ಮಾಡಿದಳು. ಯಾರಾದರೂ ಒಂದು ದಿನ ನನಗೆ ಈ ಗೇಟು ತೆರೆದು ಹಿಡಿದೇ ಹಿಡಿಯುತ್ತಾರೆ, ಅವತ್ತು ನಾನು ದಾಟುತ್ತೇನೆ, ನನ್ನ ಜಾಗದಲ್ಲಿ ಅವರ ಕಡೆಯವರೊಬ್ಬರು ನಿಲ್ಲಲಿ, ಎಂದಳಂತೆ. ಸತ್ತ ಮೇಲೂ ಅಲ್ಲೇ ಕಾದು ನಿಂತಿದ್ದಾಳಂತೆ. ಅಂದಿನಿಂದ ಹೋಲ್ಟ್‌ಬೀಯಲ್ಲಿ ಗಂಡ ಹೆಂಡತಿಗೆ, ಮಗ ತಾಯಿಗೆ, ಯಾರಿಗೂ ಯಾರೂ ಆ ಗೇಟು ಹಿಡಿಯುವುದಿಲ್ಲ.

"ನಲವತ್ತು ವರ್ಷ ಮಕ್ಕಳಿಗೆ ಬಾಗಿಲು ಹಿಡಿಯೋದು ಕಲಿಸಿದವನು ನಾನು, ಮಿಸೆಸ್ ಗಾರ್ತ್. ಈ ವಯಸ್ಸಲ್ಲಿ ಒಂದು ಗೂಟಕ್ಕೆ ಹೆದರಲಾ?"

"ಹಿಂದಿನಿಂದ ಯಾರೇ ಕರೆದರೂ ತೆಗೀಬೇಡ, ಅಷ್ಟೇ. ಕಬ್ಬಿಣ ಮುಟ್ಟೋಕಾಗಲ್ಲ ಅವಳಿಗೆ. ಚಿಲಕ ಎತ್ತಿದವರು ಮನುಷ್ಯರು ಅಂತ ತಿಳ್ಕೋ..."

ಅಷ್ಟರಲ್ಲಿ ಅವನು ಬಾಗಿಲು ತೆಗೆದಿದ್ದ. ಬಾಗಿಲಿನ ಗಂಟೆ ಗಣಗಣ ಹೊಡೆದುಕೊಂಡಿತು. 'ತೆಗೀಬೇಡ' ಎಂಬುದು ಕಿವಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ. ಪೂರ್ತಿ ನಂಬದಿದ್ದರೆ ಚಿಂತೆಯಿಲ್ಲ, ಪೂರ್ತಿ ನಂಬಿದರೂ ಚಿಂತೆಯಿಲ್ಲ. ಅರ್ಧ ಕೇಳಿಸಿಕೊಂಡು ಹೋಗುವವರ ಗತಿ ನೆನೆದರೆ ನನಗೆ ಇಂದಿಗೂ ಅಯ್ಯೋ ಎನಿಸುತ್ತದೆ.

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಮ್ಯೂರಿಯಲ್ ಕೂತಿದ್ದಳು. ನೀಲಿ ರೇನ್‌ಕೋಟು, ಪಕ್ಕದಲ್ಲಿ ಊರುಗೋಲು. ಮೊಣಕಾಲಿನ ಆಪರೇಷನ್ನಾಗಿ ಎರಡು ತಿಂಗಳು. ದಿನಾ ನಡೆಯದಿದ್ದರೆ ಕುರ್ಚಿಯೇ ಗತಿ ಎಂದಿದ್ದರು ಡಾಕ್ಟರು. ಆ ಕರಪತ್ರ, ಆ ಸುಲಭ ನಡಿಗೆಗಳು, ಎಲ್ಲವೂ ಅವಳೊಬ್ಬಳಿಗಾಗಿ. ಅವಳೆಂದರೆ ಅವನಿಗೆ ಪ್ರಾಣ.

"ಏನಂತೆ ಎಡ್ನಾದು?"

"ನಿನ್ನ ಮುಖಕ್ಕೆ ಗೇಟು ಬಡಿಬೇಕಂತೆ."

"ಬಡಿ ನೋಡೋಣ. ರಾತ್ರಿ ಊಟಕ್ಕೆ ಏನು ಸಿಗುತ್ತೆ ಅಂತಲೂ ನೋಡೋಣ."

ಮೂವತ್ತೊಂದು ವರ್ಷದಿಂದ ಅವನು ಬಾಗಿಲು ಹಿಡಿಯುತ್ತಾನೆ, ಅವಳು ರಾಣಿಯ ಹಾಗೆ ದಾಟಿ ಹೋಗುತ್ತಾಳೆ. ಒಂದು ದಿನವೂ 'ಉಪಕಾರವಾಯಿತು' ಎಂದವಳಲ್ಲ. 'ದಯವಿಟ್ಟು' ಅಂತೂ ಇಲ್ಲವೇ ಇಲ್ಲ. "ಅವೆಲ್ಲ ಮಾಂಸದಂಗಡಿಯವನಿಗೆ ಕಣೋ, ಗಂಡನಿಗ್ಯಾಕೆ?" ಎನ್ನುತ್ತಿದ್ದಳು. ಅವನು ಕೇಳಿದಾಗಲೆಲ್ಲ ನಗುತ್ತಿದ್ದ.

ನವೆಂಬರಿನ ಮಧ್ಯಾಹ್ನ ಎರಡು ಗಂಟೆ. ಇಬ್ಬರೂ ಮೂರನೆಯ ನಡಿಗೆಗೆ ಹೊರಟರು. ಅರ್ಧ ದಾರಿಗೆ ತೊರೆಯ ಕಡೆಯಿಂದ ಮಂಜು ಎದ್ದಿತು. ಮೊದಲು ಮುಳ್ಳುಬೇಲಿ ಮಾಯವಾಯಿತು, ಆಮೇಲೆ ಕುರಿಗಳು, ಆಮೇಲೆ ಚರ್ಚಿನ ಗೋಪುರ. ಕೊಳೆತ ಎಲೆ, ಹಸಿ ಸಗಣಿಯ ವಾಸನೆ ಮಾತ್ರ ಉಳಿಯಿತು. ಕೆಸರು ಎಷ್ಟಿದೆ ನೋಡುತ್ತೇನೆಂದು ಡೆಸ್ಮಂಡ್ ನಾಲ್ಕು ಹೆಜ್ಜೆ ಮುಂದೆ ಹೋದ. ನಾಲ್ಕು ಹೆಜ್ಜೆ ನಲವತ್ತು ಹೆಜ್ಜೆಯಾಯಿತು.

ಗೇಟು ಕೈಗೆ ಸಿಕ್ಕಿತು. ಚಿಲಕ ಎತ್ತಿ ಆಚೆ ದಾಟಿದ. ಹಿಂದೆ ಹೆಜ್ಜೆಯ ಸದ್ದು. ಎಡ್ನಾಳ ಮಾತು ನೆನಪಾಯಿತು, ನಗು ಬಂತು. ಗೇಟನ್ನು ಅಗಲವಾಗಿ ಹಿಡಿದು ನಾಟಕದವರಂತೆ ತಲೆಬಾಗಿದ.

"ದಯಮಾಡಿಸಬೇಕು, ಮಹಾರಾಣಿಯವರು."

ಮಂಜಿನಿಂದ ಅವಳು ಬಂದಳು. ತಲೆಗೆ ಮುಸುಕು, ನೀಲಿಯೋ ಕಪ್ಪೋ ತಿಳಿಯಲಿಲ್ಲ. ಮಾತಿಲ್ಲದೆ ದಾಟಿದಳು. ನೆನೆದ ಉಣ್ಣೆಯ ವಾಸನೆ. ಆರಿಸಿದ ಮೇಣದಬತ್ತಿಯ ವಾಸನೆ. ಗೇಟು ಹಿಂದೆ ಮುಚ್ಚಿಕೊಂಡಿತು. ತಣ್ಣನೆಯ ಕೈಯೊಂದು ಅವನ ಮೊಣಕೈ ಸಂದಿಗೆ ಬಂದು ಸೇರಿತು.

ಆಗ ಗೇಟಿನ ಆಚೆಯಿಂದ ಟಕ್, ಟಕ್ ಎಂದು ಊರುಗೋಲಿನ ಸದ್ದು ಬಂತು.

"ಡೆಸ್ಮಂಡ್! ನಿಲ್ಲೋ ಮಾರಾಯ, ಎಲ್ಲಿ ಸತ್ತೆ?"

ಡೆಸ್ಮಂಡ್ ಗಕ್ಕನೆ ಗೇಟಿನತ್ತ ತಿರುಗಿದ. ಮ್ಯೂರಿಯಲ್‌ಳ ದನಿ. ಆದರೆ ಮ್ಯೂರಿಯಲ್ ಇಲ್ಲೇ ಇದ್ದಾಳಲ್ಲ! ತಾನೇ ಗೇಟು ಹಿಡಿದು ದಾಟಿಸಿದ್ದಾನಲ್ಲ! ಹಿಂದಿನಿಂದ ಯಾರೇ ಕರೆದರೂ ತೆಗೀಬೇಡ.

"ಮ್ಯೂರಿಯಲ್?" ಎಂದು ಪಕ್ಕದವಳನ್ನು ಕೇಳಿದ. ಮುಸುಕು ಅಲುಗಿ ಹೌದೆಂದಿತು.

ಚಿಲಕ ಅಲ್ಲಾಡಿತು. ಮೇಲಕ್ಕೆದ್ದಿತು. ಅಯ್ಯೋ ಪಾಪಿ, ಕಬ್ಬಿಣದ ಚಿಲಕ ಎತ್ತಿದವರು ಯಾರು? ಅವನಿಗೆಲ್ಲಿ ಗೊತ್ತು. ಎರಡೂ ಕೈಯಿಂದ ಚಿಲಕವನ್ನು ಕೆಳಕ್ಕೆ ಅದುಮಿದ.

"ಯಾರು ನೀನು?" ಎಂದು ಕಿರುಚಿದ.

"ಯಾರು ಅಂದರೆ? ಹುಚ್ಚು ಹಿಡೀತಾ ನಿಂಗೆ? ಕಾಲು ಸೆಳೀತಿದೆ, ತೆಗಿ!"

ಅವಳದೇ ಬೈಗುಳ. ಅವಳದೇ ದರ್ಪ. ಅವನ ಬೆರಳು ಸಡಿಲವಾಯಿತು. ಪಕ್ಕದ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿಯಿತು. ಯಾರು ನಿಜ? ಯಾರು ಸುಳ್ಳು? ಮಂಜು. ಬರೀ ಮಂಜು. ಗೇಟು ದಡದಡ ಅಲುಗಿತು.

"ಡೆಸ್ಮಂಡ್, ಇಲ್ಲಿ ನೆಲ ಏನೋ... ಕಾಲು ಕೀಳೋಕಾಗ್ತಿಲ್ಲ. ತಮಾಷೆ ಸಾಕು. ನಂಗೆ ಹೆದರಿಕೆ ಆಗ್ತಿದೆ ಕಣೋ. ತೆಗಿ... ದಯವಿಟ್ಟು."

ದಯವಿಟ್ಟು!

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. ಸಿಕ್ಕಿಬಿದ್ದೆ ಪಿಶಾಚಿ, ಎಂದುಕೊಂಡ ಡೆಸ್ಮಂಡ್. ಸೊಂಟದ ಬೆಲ್ಟು ಬಿಚ್ಚಿದ. ಗೇಟಿಗೂ ಕಂಬಕ್ಕೂ ಸುತ್ತಿ ಬಿಗಿದ. ಪಕ್ಕದವಳ ಕೈ ಹಿಡಿದ. ಓಡಿದ. ಹಿಂದೆ ಅವನ ಹೆಸರು. ಮತ್ತೆ ಅವನ ಹೆಸರು. ಊರುಗೋಲು ಕಬ್ಬಿಣಕ್ಕೆ ಬಡಿಯುವ ಸದ್ದು. ಸಣ್ಣದಾಯಿತು. ನಿಂತಿತು.

ಮನೆಯ ಮುಂದೆ ಬಂದಾಗ ಮಂಜು ಹರಿದಿತ್ತು. ಅವನಿಗೆ ಏದುಸಿರು. ಅವಳಿಗೆ ಉಸಿರಿನ ಸುಳಿವೇ ಇಲ್ಲ. ಅವಳ ಕೈಯಲ್ಲಿ ಊರುಗೋಲಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಆದರೂ ಕೈಗೆ ಅಭ್ಯಾಸ ಬಿಡುತ್ತದೆಯೇ? ಬೀಗ ತೆಗೆದು, ಬಾಗಿಲು ಹಿಡಿದು, ಪಕ್ಕಕ್ಕೆ ಸರಿದ.

ಅವಳು ಹೊಸ್ತಿಲು ದಾಟಿದಳು. ಮುಸುಕು ಸರಿಸಿ ಅವನತ್ತ ತಿರುಗಿದಳು. ಮುಖ ಮ್ಯೂರಿಯಲ್‌ಳದೇ.

"ಬಹಳ ಉಪಕಾರವಾಯಿತು," ಎಂದಳು.

ಡೆಸ್ಮಂಡ್ ಆ ಗೇಟಿಗೆ ಓಡಿಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಬೆಲ್ಟು ಹಾಗೇ ಬಿಗಿದಿತ್ತು. ಆಚೆ ಕೆಸರಿನಲ್ಲಿ ಊರುಗೋಲು ನೆಟ್ಟಗೆ ನಿಂತಿತ್ತು. ಗೇಟು ಅಗಲಕ್ಕೆ ಹಿಡಿದು ಕತ್ತಲಾಗುವವರೆಗೂ ಕರೆದ. ಹುಲ್ಲು ಕೂಡ ಅಲುಗಲಿಲ್ಲ. ಮರುದಿನವೂ ಹಿಡಿದ, ಅದರ ಮರುದಿನವೂ ಹಿಡಿದ. ಕೊನೆಗೆ ಎಡ್ನಾಳೇ ಕರುಣೆಯಿಂದ ಬಿಡಿಸಿ ಹೇಳಿದಳು: "ನೀನು ಹಿಡಿದರೆ ಅವಳು ಬರಲ್ಲ ಕಣಪ್ಪಾ. ಅವಳ ಜಾಗಕ್ಕೆ ಹಿಡಿದವರ ಕಡೆಯವರೊಬ್ಬರು ಬೇಕು. ನಿನಗಿನ್ಯಾರು ಉಳಿದಿದ್ದಾರೆ ಹೇಳು?"

ಅವನ ಮನೆಯಲ್ಲಿರುವ ಹೆಂಗಸು ಈಗ ಊರುಗೋಲಿಲ್ಲದೆ ಚೆನ್ನಾಗಿ ಓಡಾಡುತ್ತಾಳೆ. ಚಹಾ ಕೊಟ್ಟರೂ ಉಪಕಾರ ಎನ್ನುತ್ತಾಳೆ, ಉಪ್ಪು ಕೊಟ್ಟರೂ ಉಪಕಾರ ಎನ್ನುತ್ತಾಳೆ. ಎಲ್ಲ ಬಾಗಿಲಿನ ಕಬ್ಬಿಣದ ಚಿಲಕವನ್ನೂ ಅವನೇ ತೆಗೆದುಕೊಡಬೇಕು.

ವಸಂತ ಬಂದಾಗ ಡೆಸ್ಮಂಡ್ ಕರಪತ್ರವನ್ನು ಮತ್ತೆ ಅಚ್ಚು ಹಾಕಿಸಿದ. ಎಡ್ನಾ ತನ್ನ ಅಂಚೆ ಕಚೇರಿಯಲ್ಲಿ ಇಡಗೊಡಲಿಲ್ಲ. ಅದಕ್ಕೇ ಪಟ್ಟಣದ ರೈಲು ನಿಲ್ದಾಣಕ್ಕೆ ತಾನೇ ಹೋಗಿ, ಹೊರಗಿನಿಂದ ಬರುವ ಗಂಡ ಹೆಂಡಿರ ಕೈಗೆ ನಗುನಗುತ್ತ ಒಂದೊಂದಾಗಿ ಕೊಡುತ್ತಾನೆ. ಮೂರನೆಯ ನಡಿಗೆಯ ಕೆಳಗೆ ದಪ್ಪ ಅಕ್ಷರದಲ್ಲಿ ಹೊಸದೊಂದು ಸಾಲಿದೆ: ಗೇಟಿನ ಬಳಿ ಸಭ್ಯತೆ ಮರೆಯಬೇಡಿ. ಹಿಂದೆ ಬರುವವರಿಗೆ ದಾರಿ ಬಿಡಿ, ದಯವಿಟ್ಟು.