ಅಪ್ಪನ ಆಂಪ್ಲಿಫೈಯರ್‌ಗೆ ಹೊಸ ವಾಲ್ವ್

ಹೊಸ ವಾಲ್ವ್ ಹಾಕಿದರೆ ಅಪ್ಪನ ಕಾಲದ ದನಿ ಉಳಿಯುತ್ತದೆಯೇ? ಹಳೆಯ ಆಂಪ್ಲಿಫೈಯರ್ ಬಿಚ್ಚಿಕೊಂಡು ಕುಳಿತ ಆ ಮಧ್ಯಾಹ್ನ ನನಗೆ ಅದೇ ಅನುಮಾನ. ಅಪ್ಪ ಹೋದಮೇಲೆ ಅದು ಹಾಡಿರಲಿಲ್ಲ, ಅಮ್ಮ ಅದಿದ್ದ ಕೋಣೆಗೆ ಕಾಲಿಟ್ಟಿರಲಿಲ್ಲ. "ಅದೊಂದು ಹಾಡಿದ್ರೆ ಮನೆಗೆ ಜೀವ ಬರುತ್ತೆ ಕಣೋ" ಎಂದು ಅವಳೇ ಬಾಯಿಬಿಟ್ಟು ಕೇಳಿದ್ದಳು.

ಬಲ್ಬಿನಂಥ ಆ ಹಳೆಯ ವಾಲ್ವನ್ನು ರಿಪೇರಿಯವನು ಟೆಸ್ಟರಿಗೆ ಹಾಕಿದಾಗ ಮುಳ್ಳು ಅಲುಗಿರಲಿಲ್ಲ. "ಪೂರ್ತಿ ಹೋಗಿದೆ ಸಾರ್. ಇನ್ನು ಶೋಕೇಸಿಗೇ ಇದು" ಎಂದು ನಕ್ಕಿದ್ದ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಂದಿದ್ದೆ.

ಹೊಸದನ್ನು ಕೂರಿಸಿ ಸ್ವಿಚ್ ಹಾಕಿದೆ. ಗಾಜಿನೊಳಗೆ ಕೆಂಡದ ಬಣ್ಣ ಮೂಡಿತು. ಕಾದ ಧೂಳಿನ ವಾಸನೆ ಬಂತು. ಚಿಕ್ಕಂದಿನಲ್ಲಿ ನನಗೆ ಅದೇ ಸಂಜೆಯ ವಾಸನೆ. ಅಪ್ಪ ಕಲಿಸಿದಂತೆ ಪೆನ್ಸಿಲಿನ ಹಿಂಬದಿಯಿಂದ ವಾಲ್ವನ್ನು ಮೆಲ್ಲಗೆ ತಟ್ಟಿದೆ. ದೋಷವಿದ್ದರೆ ಆ ತಟ್ಟು ಸ್ಪೀಕರಿನಲ್ಲಿ ಕೇಳಿಸುತ್ತದೆ. ಏನೂ ಕೇಳಿಸಲಿಲ್ಲ. ಸಮಾಧಾನವಾಗಿ ಪೆನ್ಸಿಲನ್ನು ಕೆಳಗಿಟ್ಟೆ.

ಆಗ ಸ್ಪೀಕರಿನಿಂದ ಟಕ್ ಟಕ್ ಎಂದು ಕೇಳಿಸಿತು. ತುಸು ಬಿಟ್ಟು ಇನ್ನೊಂದು ಸಲ, ಟಕ್. ಅಪ್ಪ ತಟ್ಟುತ್ತಿದ್ದದ್ದು ಹಾಗೆಯೇ, ಕೊನೆಯದಕ್ಕೆ ಮೊದಲು ಉಸಿರು ಹಿಡಿದು.

ಸ್ವಿಚ್ ಆರಿಸಿ ಹೊಸ ವಾಲ್ವನ್ನು ಮುಟ್ಟಿದೆ. ಅಷ್ಟು ಹೊತ್ತು ಉರಿದದ್ದು ಬಾವಿ ನೀರಿನಷ್ಟು ತಣ್ಣಗಿತ್ತು. ಜೇಬಿನಲ್ಲಿದ್ದ ಹಳೆಯದು ಎದೆ ಸುಡುತ್ತಿತ್ತು.

"ಥೇಟ್ ನಿಮ್ಮಪ್ಪನ ಹಾಗೇ ತಟ್ತೀಯಲ್ಲೋ."

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಒಳಗೆ ಬಂದು ಅಪ್ಪನ ಕುರ್ಚಿಯಲ್ಲಿ ಕುಳಿತಳು. "ಆರಿಸಿದ್ಯಾಕೆ? ಹಾಡು ಹಾಕು."

ಹಾಕಿದೆ. ಈಗಲೂ ಅವಳು ದಿನವೂ ಅಲ್ಲಿ ಕೂತು ಕೇಳುತ್ತಾಳೆ. ಅವತ್ತು ಕೇಳಿಸಿದ ತಟ್ಟು ನನ್ನದಲ್ಲ ಎಂದು ಅವಳಿಗೆ ಇದುವರೆಗೂ ಹೇಳಿಲ್ಲ.