ಕಲ್ಲುಕುದುರೆಯ ಕಿವಿ

“ಊಟಕ್ಕೆ ಎಷ್ಟು ಕೂಗಿದ್ರೂ ಶಿಲ್ಪಿ ಏಳ್ಲಿಲ್ಲ. ಹೆಂಡತಿಗೆ ಕೋಪ ನೆತ್ತಿಗೇರ್ತು. ಎಸೆದ್ಲು ನೋಡಿ ಸೌಟು! ಸೀದಾ ಬಂದು ಕುದುರೆ ಕಿವಿಗೇ ಬಡೀತು!”

ಮ್ಯೂಸಿಯಂ ತೋಟದ ವಾಚ್‌ಮನ್ ಮಾಮ ಕೈ ಬೀಸಿ ತೋರಿಸಿದರು. ಹುಲ್ಲಿನ ಮೇಲೆ ನಿಂತಿದ್ದ ಕಲ್ಲಿನ ಕುದುರೆಗೆ ನಿಜಕ್ಕೂ ಒಂದೇ ಕಿವಿ. ಐದನೇ ಕ್ಲಾಸಿನ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ.

ಅವಳನ್ನು ಎಲ್ಲರೂ ಕರೆಯುವುದು ಹರಟೆಮಲ್ಲಿ ಎಂದು. ಅವಳ ಅಮ್ಮ ಇದೇ ಮ್ಯೂಸಿಯಮ್ಮಿನ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ರಜೆಯಲ್ಲಿ ಮಲ್ಲಿ ದಿನವಿಡೀ ಈ ತೋಟದಲ್ಲೇ ಅಲೆಯುತ್ತಿದ್ದಳು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಾಮ, “ಇದರ ಕಿವಿ ಏನಾಯ್ತಮ್ಮ?” ಎಂದು ಕೇಳಿದ್ದರು.

ಗೊತ್ತಿಲ್ಲ ಎನ್ನುವುದು ಮಲ್ಲಿಯ ಜಾಯಮಾನದಲ್ಲೇ ಇಲ್ಲ. ಹೆಂಡತಿ ಊಟಕ್ಕೆ ಕೂಗಿದಳು, ಶಿಲ್ಪಿ ಬೆಚ್ಚಿಬಿದ್ದ, ಉಳಿ ಜಾರಿತು ಎಂದು ಬಾಯಿಗೆ ಬಂದದ್ದನ್ನು ಹೇಳಿ ಓಡಿಹೋಗಿದ್ದಳು. ಟಿಕೆಟ್ ಮೇಡಂ ಮಗಳಲ್ಲವೇ? ಮಾಮ ನಂಬಿಬಿಟ್ಟರು.

“ಚೆನ್ನಾಗಿದೆ! ಎಲ್ರೂ ಬರ್ಕೊಳ್ಳಿ,” ಅಂದರು ಮಕ್ಕಳನ್ನು ಕರೆತಂದಿದ್ದ ಮಿಸ್. ಪೆನ್ಸಿಲ್‌ಗಳು ಓಡತೊಡಗಿದವು. ಮಲ್ಲಿ ಮಾತ್ರ ಪೆನ್ಸಿಲ್ ತೆಗೆಯಲಿಲ್ಲ.

ಅಷ್ಟರಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ದೊಡ್ಡ ಮೇಡಂ ಅಲ್ಲಿಗೆ ಬಂದರು. ಒಬ್ಬ ಹುಡುಗಿಯ ನೋಟ್‌ಬುಕ್ ಇಣುಕಿ ನೋಡಿ ಹುಬ್ಬು ಗಂಟಿಕ್ಕಿದರು.

“ಈ ಕತೆ ನಿಮಗೆ ಯಾರು ಹೇಳಿದ್ದು?” ಎಂದು ವಾಚ್‌ಮನ್ ಮಾಮನನ್ನು ಕೇಳಿದರು.

ಮಾಮ ಒಮ್ಮೆ ಮಲ್ಲಿಯನ್ನು ನೋಡಿದರು. ಆಮೇಲೆ ನೆಲ ನೋಡಿದರು. “ಯಾರೋ ಬಂದವರು ಹೇಳಿದ್ರು ಮೇಡಂ. ನೆನಪಿಲ್ಲ.”

“ಇಲ್ಲದ್ದೆಲ್ಲ ಹೇಳೋಕಾ ನಿಮ್ಮನ್ನ ಇಲ್ಲಿ ನಿಲ್ಸಿರೋದು? ನಾಳೆಯಿಂದ ಹಿಂದಿನ ಗೇಟಿಗೆ ಹೋಗಿ.”

ಹಿಂದಿನ ಗೇಟಿಗೆ ಕಸದ ಗಾಡಿ ಬಿಟ್ಟರೆ ನರಪಿಳ್ಳೆಯೂ ಬರುವುದಿಲ್ಲ. ಮಾತಿಲ್ಲದೆ ಮಾಮ ಅರ್ಧ ಗಂಟೆಯೂ ಇರಲಾರರು. ಆದರೆ ತಾನು ಬಾಯಿ ಬಿಟ್ಟರೆ ಕ್ಲಾಸಿನ ಮುಂದೆ ಮಾನ ಹೋಗುತ್ತದೆ, ಅಮ್ಮನಿಗೂ ಗೊತ್ತಾಗುತ್ತದೆ. ಮಲ್ಲಿಗೆ ಬಹಳ ಭಯವಾಯಿತು. ಆದರೂ ಮುಂದೆ ಬಂದಳು.

“ಮೇಡಂ, ಹೇಳಿದ್ದು ನಾನು. ಸುಮ್ನೆ ಕಟ್ಟಿ ಹೇಳ್ದೆ,” ಎಂದಳು. ಸ್ವಲ್ಪ ತಡೆದು, “ಆದ್ರೆ ಸೌಟು ನಾನು ಹೇಳಿಲ್ಲ,” ಎಂದು ಸೇರಿಸಿದಳು.

“ಸೌಟು ನಂದೇ ಮೇಡಂ,” ಎಂದರು ಮಾಮ ಮೆಲ್ಲಗೆ.

ಮಕ್ಕಳು ಗೊಳ್ಳೆಂದು ನಕ್ಕರು. ದೊಡ್ಡ ಮೇಡಂ ನಗಲಿಲ್ಲ. “ಸರಿ, ಇಲ್ಲೇ ಇರಿ. ಆದ್ರೆ ಬೋರ್ಡಲ್ಲಿ ಇರೋದಷ್ಟೇ ಹೇಳ್ಬೇಕು.”

ಕುದುರೆಯ ಪಕ್ಕದ ಬೋರ್ಡಿನಲ್ಲಿ ಇದ್ದದ್ದು ‘ಕಲ್ಲಿನ ಕುದುರೆ’ ಎಂಬ ಎರಡೇ ಪದ.

“ಒಂದು ಪೇಜ್ ವೇಸ್ಟ್ ಆಯ್ತಲ್ಲೇ!” ಎಂದು ಗೆಳತಿ ಗೊಣಗುತ್ತ ಬರೆದದ್ದನ್ನು ಹೊಡೆದುಹಾಕಿದಳು. ಕ್ಲಾಸು ಕೊಳದ ಕಡೆ ಹೊರಟಿತು. ಮಲ್ಲಿ ಹಿಂದೆಯೇ ಉಳಿದಳು.

ಒಬ್ಬ ಅಜ್ಜ ಮೊಮ್ಮಗನನ್ನು ಕರೆದುಕೊಂಡು ಬಂದರು. “ಇದರ ಕಿವಿ ಎಲ್ಲಿ?” ಎಂದ ಪುಟ್ಟ ಹುಡುಗ.

ಮಾಮನ ಕಣ್ಣು ಅರಳಿತು. ಕೈ ಅರ್ಧ ಮೇಲೆದ್ದಿತು. ಆಮೇಲೆ ಕೆಳಗಿಳಿಯಿತು.

“ಗೊತ್ತಿಲ್ಲಪ್ಪ.”

ಇಬ್ಬರೂ ಮುಂದೆ ಹೋದರು. ಒಂದು ನಿಮಿಷವೂ ನಿಲ್ಲಲಿಲ್ಲ.

ಮಲ್ಲಿ ಆ ಕತೆಯನ್ನು ಹೇಳಿ ಅವತ್ತೇ ಮರೆತಿದ್ದಳು. ಮಾಮ ಅದನ್ನು ಇಷ್ಟು ತಿಂಗಳು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವಳಿಗೆ ಅಳು ಬಂತು.

ಹೋಗಿ ಮಾಮನ ಪಕ್ಕ ನಿಂತಳು. ಹೇಳಲು ಒಂದು ಮಾತೂ ಹೊಳೆಯಲಿಲ್ಲ.